ರೇಂಜ್ ಬೇರೆ, ಮೈಲೇಜ್ ಬೇರೆ: ವಿದ್ಯುತ್ ಕಾರಿನ ಅಂಕಿಗಳನ್ನು ಓದುವ ಬಗೆ

(ವಿದ್ಯುತ್ ಕಾರು ಕೊಳ್ಳುವ ಯೋಚನೆಯಲ್ಲಿರುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲೇ ಸೇರಿಸಿದೆ.)

ಪೆಟ್ರೋಲ್ ಕಾರಿನ ಶೋರೂಮಿಗೆ ಹೋದರೆ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?" ಲೀಟರಿಗೆ ಹದಿನೆಂಟೋ ಇಪ್ಪತ್ತೋ ಎಂದರೆ ಸಾಕು, ಮುಂದಿನ ಮಾತು ಬಣ್ಣದ ಬಗ್ಗೆ. ಟ್ಯಾಂಕ್ ಎಷ್ಟು ಲೀಟರಿನದು ಎಂದು ಕೇಳುವವರು ಅಪರೂಪ. ವಿದ್ಯುತ್ ಕಾರಿನ ಮುಂದೆ ನಿಂತ ಕೂಡಲೇ ಅದೇ ಜನ "ಫುಲ್ ಚಾರ್ಜಿಗೆ ಎಷ್ಟು ಓಡುತ್ತೆ?" ಎನ್ನುತ್ತಾರೆ. ಅದು ಟ್ಯಾಂಕಿನ ಪ್ರಶ್ನೆ, ಮೈಲೇಜಿನ ಪ್ರಶ್ನೆಯಲ್ಲ. ಬ್ಯಾಟರಿ ದೊಡ್ಡದು ಮಾಡಿದರೆ ಎಂಥ ಹೊಟ್ಟೆಬಾಕ ಕಾರೂ 500 ಕಿ.ಮೀ. ಓಡುತ್ತದೆ. ಆ ದೊಡ್ಡ ಬ್ಯಾಟರಿಗೆ ನೀವು ಎರಡು ಸಲ ದುಡ್ಡು ಕೊಟ್ಟಿರುತ್ತೀರಿ: ಕೊಳ್ಳುವಾಗ ಒಮ್ಮೆ, ಅದರ ತೂಕ ಹೊತ್ತು ತಿರುಗುವಾಗ ದಿನಾ.

ಹಾಗಾದರೆ ಮೈಲೇಜ್ ಯಾವುದು? ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಅವರ್, ಅಂದರೆ 1,000 ವ್ಯಾಟ್-ಅವರ್. ಕಾರು ಒಂದು ಕಿ.ಮೀ. ಓಡಲು ಎಷ್ಟು ವ್ಯಾಟ್-ಅವರ್ ತಿನ್ನುತ್ತದೆ ಎಂಬುದೇ ಅದರ ಮೈಲೇಜ್. ಇದನ್ನು ಮೂರು ರೀತಿಯಲ್ಲಿ ಬರೆಯುತ್ತಾರೆ. ಕಿ.ಮೀ.ಗೆ 150 ವ್ಯಾಟ್-ಅವರ್ ಎಂದರೂ, 100 ಕಿ.ಮೀ.ಗೆ 15 ಯೂನಿಟ್ ಎಂದರೂ, ಯೂನಿಟ್‌ಗೆ 6.67 ಕಿ.ಮೀ. ಎಂದರೂ ಒಂದೇ. ಮೊದಲ ಎರಡರಲ್ಲಿ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು, ಮೂರನೆಯದರಲ್ಲಿ ದೊಡ್ಡದಾದಷ್ಟೂ ಒಳ್ಳೆಯದು. ಡ್ಯಾಶ್‌ಬೋರ್ಡ್‌ನಲ್ಲಿ ಯಾವುದು ಕಾಣುತ್ತಿದೆ ಎಂದು ಮೊದಲು ನೋಡಿಕೊಳ್ಳಿ.

ನಮಗೆ ಲೀಟರಿಗಿಷ್ಟು ಕಿ.ಮೀ. ಎಂಬ ರೂಢಿ ಇರುವುದರಿಂದ ಮೂರನೆಯ ಬಗೆ ಹಿತವೆನಿಸುತ್ತದೆ. ಆದರೆ ಅದರಲ್ಲೊಂದು ಮೋಸವಿದೆ. ಯೂನಿಟ್‌ಗೆ 4 ಕಿ.ಮೀ. ಕೊಡುವ ಕಾರು 5ಕ್ಕೆ ಏರಿದರೆ ಕಿ.ಮೀ.ಗೆ 50 ವ್ಯಾಟ್-ಅವರ್ ಉಳಿತಾಯ. 7ರಿಂದ 8ಕ್ಕೆ ಏರಿದರೆ ಬರೀ 18. ಎರಡೂ ಕಡೆ ಏರಿದ್ದು ಒಂದೇ ಕಿ.ಮೀ., ಉಳಿತಾಯ ಮಾತ್ರ ಮೂರು ಪಟ್ಟು ವ್ಯತ್ಯಾಸ. ಸರಾಸರಿ ತೆಗೆಯುವಾಗಲೂ ಹಾಗೇ. ಪ್ರಯಾಣದ ಅರ್ಧ ದೂರ ಯೂನಿಟ್‌ಗೆ 8, ಇನ್ನರ್ಧ ದೂರ 5 ಬಂದರೆ ಒಟ್ಟು 6.5 ಅಲ್ಲ, 6.15. ಆದ್ದರಿಂದ ಲೆಕ್ಕ ಹಾಕುವಾಗಲೆಲ್ಲ ಕಿ.ಮೀ.ಗೆ ಎಷ್ಟು ವ್ಯಾಟ್-ಅವರ್ ಎಂಬುದಕ್ಕೇ ಬನ್ನಿ. ಈ ಉಪನ್ಯಾಸದಲ್ಲೂ ಅದನ್ನೇ ಬಳಸುತ್ತೇವೆ.

ಕರಪತ್ರದ ಅಂಕಿ ಹುಟ್ಟುವ ಜಾಗ

ಕಂಪನಿ ಹೇಳುವ ರೇಂಜ್ ರಸ್ತೆಯಲ್ಲಿ ಹುಟ್ಟಿದ್ದಲ್ಲ, ಪ್ರಯೋಗಾಲಯದ ರೋಲರುಗಳ ಮೇಲೆ ಹುಟ್ಟಿದ್ದು. ಮೊದಲು ಕಾರನ್ನು ಸಮತಟ್ಟಾದ ಟ್ರ್ಯಾಕಿನಲ್ಲಿ ವೇಗವಾಗಿ ಓಡಿಸಿ, ನ್ಯೂಟ್ರಲ್‌ಗೆ ಹಾಕಿ, ತಾನಾಗಿ ನಿಧಾನವಾಗಲು ಬಿಡುತ್ತಾರೆ. ಯಾವ ವೇಗದಿಂದ ಯಾವ ವೇಗಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂಬುದರಿಂದ ಗಾಳಿಯ ತಡೆ, ಟೈರಿನ ತಡೆ ಎರಡೂ ಸಿಗುತ್ತವೆ. ಆ ತಡೆಯನ್ನೇ ರೋಲರುಗಳಿಗೆ ಉಣಿಸಿ, ಅದರ ಮೇಲೆ ಕಾರನ್ನು ನಿಗದಿಯಾದ ಒಂದು ವೇಗದ ನಕ್ಷೆಯಂತೆ ಓಡಿಸುತ್ತಾರೆ. ಈ ನಕ್ಷೆಗೆ ಡ್ರೈವಿಂಗ್ ಸೈಕಲ್ ಎಂದು ಹೆಸರು. ಎಲ್ಲ ಗುಟ್ಟೂ ಇರುವುದು ಈ ನಕ್ಷೆಯಲ್ಲಿ.

ಭಾರತದಲ್ಲಿ ಬಳಸುವ ನಕ್ಷೆ ಎಂಐಡಿಸಿ, ಅಂದರೆ ಭಾರತಕ್ಕೆ ಹೊಂದಿಸಿದ ಹಳೆಯ ಯುರೋಪಿಯನ್ ಸೈಕಲ್. ಇದರಲ್ಲಿ ಎರಡು ಭಾಗ. ಮೊದಲ ಭಾಗ ಊರೊಳಗಿನ ಓಟ: 195 ಸೆಕೆಂಡಿನ ಒಂದು ತುಣುಕನ್ನು ನಾಲ್ಕು ಸಲ ಓಡಿಸುವುದು. ಒಟ್ಟು 780 ಸೆಕೆಂಡ್, ಸುಮಾರು 4 ಕಿ.ಮೀ. ಗರಿಷ್ಠ ವೇಗ 50, ಸರಾಸರಿ 19ರ ಆಸುಪಾಸು. ಸುಮಾರು ಮೂರನೇ ಒಂದು ಪಾಲು ಸಮಯ ಕಾರು ನಿಂತೇ ಇರುತ್ತದೆ. ಸೊನ್ನೆಯಿಂದ 50ಕ್ಕೆ ಏರಲು 26 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸಿಗ್ನಲ್ ಬಿಟ್ಟ ಮೇಲೆ ಹಾಗೆ ಓಡಿಸಿದರೆ ಹಿಂದಿನ ಆಟೋದವರು ಏನೆನ್ನುತ್ತಾರೆ ಎಂಬುದು ನಿಮಗೆ ಗೊತ್ತು. ಎರಡನೇ ಭಾಗ ಹೆದ್ದಾರಿಯ ಓಟ: 400 ಸೆಕೆಂಡ್, ಗರಿಷ್ಠ 90.

ಪೆಟ್ರೋಲ್ ಕಾರಿಗೆ ನಿಂತು ನಿಂತು ಓಡುವುದೇ ಶಿಕ್ಷೆ. ವಿದ್ಯುತ್ ಕಾರಿಗೆ ಅದು ಆರಾಮ: ನಿಂತಾಗ ಮೋಟರ್ ಏನೂ ತಿನ್ನುವುದಿಲ್ಲ, ಬ್ರೇಕ್ ಹಾಕಿದಾಗ ಮೋಟರೇ ಜನರೇಟರ್ ಆಗಿ ಒಂದಷ್ಟು ವಾಪಸ್ ತುಂಬುತ್ತದೆ, ವೇಗ ಕಡಿಮೆಯಾದ್ದರಿಂದ ಗಾಳಿಯ ಕಾಟವೂ ಇಲ್ಲ. ಕೆಲವು ವರ್ಷಗಳ ಹಿಂದಿನ ತನಕ ನಮ್ಮಲ್ಲಿ ವಿದ್ಯುತ್ ಕಾರುಗಳ ರೇಂಜ್ ಎಂದು ಜಾಹೀರಾತಿನಲ್ಲಿ ಬರುತ್ತಿದ್ದುದು ಈ ಮೊದಲ ಭಾಗದ ಫಲಿತಾಂಶ ಮಾತ್ರ. 2024ರಲ್ಲಿ ಎರಡೂ ಭಾಗ ಸೇರಿಸಿದ ಅಂಕಿ ಹೇಳುವ ಪದ್ಧತಿ ಬಂತು. ಆಗ ಏನಾಯಿತು ನೋಡಿ: 40.5 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್‌ನ ರೇಂಜ್ 465 ಕಿ.ಮೀ. ಇದ್ದದ್ದು 390ಕ್ಕೆ ಇಳಿಯಿತು. ಕಾರು ಅದೇ, ಬ್ಯಾಟರಿ ಅದೇ, ಒಂದು ನಟ್ಟೂ ಬದಲಾಗಿಲ್ಲ. ಭಾಗಿಸಿ ನೋಡಿದರೆ ಕಿ.ಮೀ.ಗೆ 87 ವ್ಯಾಟ್-ಅವರ್ ಇದ್ದದ್ದು 104 ಆಯಿತು, ಅಷ್ಟೆ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹಳೆಯ ಅಂಕಿಯೇ ಇನ್ನೂ ಓಡಾಡುತ್ತಿದೆ. 2023ರ ಕಾರಿನ 465ನ್ನೂ ಈಗಿನ ಕಾರಿನ 489ನ್ನೂ ಅಕ್ಕಪಕ್ಕ ಇಟ್ಟು "24 ಕಿ.ಮೀ. ತಾನೇ ವ್ಯತ್ಯಾಸ" ಎನ್ನುವವರಿದ್ದಾರೆ. 45 ಯೂನಿಟ್‌ನ ಈಗಿನ ನೆಕ್ಸಾನ್‌ನ 489 ಎರಡೂ ಭಾಗ ಸೇರಿಸಿದ್ದು. ಅದನ್ನು ಹೋಲಿಸಬೇಕಾದದ್ದು 390ರ ಜೊತೆ. ಅದೇ 45 ಯೂನಿಟ್ ಕಾರಿಗೆ ಕಂಪನಿಯೇ ನಿಜವಾದ ಓಡಾಟದಲ್ಲಿ 350ರಿಂದ 370 ಕಿ.ಮೀ. ಎಂಬ ಇನ್ನೊಂದು ಅಂಕಿಯನ್ನೂ ಕೊಟ್ಟಿದೆ. ನಾಲ್ವರಲ್ಲಿ ಮೂವರು ಗ್ರಾಹಕರಿಗೆ ಸಿಗಬಹುದಾದದ್ದು ಎಂಬ ಅರ್ಥದಲ್ಲಿ. ಇದು ಕಿ.ಮೀ.ಗೆ ಸುಮಾರು 125 ವ್ಯಾಟ್-ಅವರ್. ಕರಪತ್ರದಲ್ಲಿ ಇಂಥ ಎರಡನೇ ಸಾಲು ಇದ್ದರೆ ಮೊದಲ ಸಾಲನ್ನು ಬಿಟ್ಟು ಅದನ್ನೇ ಓದಿ.

ಬೇರೆ ದೇಶಗಳ ನಕ್ಷೆಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ, ಏಕೆಂದರೆ ಆಮದಾದ ಕಾರುಗಳ ಮಾತಿನಲ್ಲಿ ಅವು ಬೆರೆತು ಬರುತ್ತವೆ. ಯುರೋಪಿನ ಡಬ್ಲ್ಯುಎಲ್‌ಟಿಪಿ 1,800 ಸೆಕೆಂಡಿನದು, ಸುಮಾರು 23 ಕಿ.ಮೀ., ಗರಿಷ್ಠ ವೇಗ 131. ಚೀನಾದ ಸಿಎಲ್‌ಟಿಸಿಯೂ 1,800 ಸೆಕೆಂಡೇ, ಆದರೆ ಓಡುವುದು ಬರೀ 14.5 ಕಿ.ಮೀ., ಗರಿಷ್ಠ 114. ಹಾಗಾಗಿ ಅದರ ಅಂಕಿ ಉಬ್ಬಿರುತ್ತದೆ. ಅಮೆರಿಕದ ಇಪಿಎ ಪದ್ಧತಿಯಲ್ಲಿ ನಗರ ಮತ್ತು ಹೆದ್ದಾರಿ ಸೈಕಲ್‌ಗಳನ್ನು ಓಡಿಸಿ, ಬಂದ ರೇಂಜನ್ನು ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ. ಏಸಿ, ಚಳಿ, ಅವಸರದ ಓಟ ಎಲ್ಲಕ್ಕೂ ಸೇರಿ ಒಂದೇ ಏಟಿಗೆ 30% ಕಡಿತ. ಒರಟು ವಿಧಾನವೇ, ಆದರೆ ರಸ್ತೆಯ ಸತ್ಯಕ್ಕೆ ಹತ್ತಿರ ಬರುತ್ತದೆ.

ಒಂದು ನಕ್ಷೆಯ ಅಂಕಿಯನ್ನು ಇನ್ನೊಂದು ನಕ್ಷೆಯ ಅಂಕಿಯ ಜೊತೆ ಎಂದೂ ಹೋಲಿಸಬೇಡಿ. ಒಂದೇ ನಕ್ಷೆಯೊಳಗೆ ಎರಡು ಕಾರುಗಳನ್ನು ಹೋಲಿಸಲು ಮಾತ್ರ ಇವು ಉಪಯೋಗಕ್ಕೆ ಬರುತ್ತವೆ.

ಗೋಡೆಯಿಂದಲೋ ಬ್ಯಾಟರಿಯಿಂದಲೋ

ಇದು ಬಹಳ ಜನ ಎಡವುವ ಜಾಗ. ಮೇಲೆ ನಾವು ಮಾಡಿದ ಭಾಗಾಕಾರ ಬ್ಯಾಟರಿಯಿಂದ ಹೊರಟ ಶಕ್ತಿಯ ಲೆಕ್ಕ. ನಿಮ್ಮ ಬಿಲ್ ಬರುವುದು ಗೋಡೆಯ ಪಾಯಿಂಟಿನಿಂದ ಹೊರಟ ಶಕ್ತಿಗೆ. ನಡುವೆ ಕಾರಿನೊಳಗಿನ ಚಾರ್ಜರ್ ಮನೆಯ ಪರ್ಯಾಯ ಕರೆಂಟನ್ನು (ಏಸಿ) ಬ್ಯಾಟರಿಗೆ ಬೇಕಾದ ನೇರ ಕರೆಂಟಾಗಿ (ಡಿಸಿ) ಮಾಡುವಾಗ ಬಿಸಿಯಾಗುತ್ತದೆ, ವೈರು ಬಿಸಿಯಾಗುತ್ತದೆ, ಬ್ಯಾಟರಿಯೂ ಬಿಸಿಯಾಗುತ್ತದೆ, ಅದನ್ನು ತಣಿಸುವ ಪಂಪ್ ಓಡುತ್ತದೆ. ಎಲ್ಲ ಸೇರಿ ಮನೆಯ ಚಾರ್ಜಿಂಗ್‌ನಲ್ಲಿ 10ರಿಂದ 15% ಸೋರಿಹೋಗುತ್ತದೆ.

ಅಮೆರಿಕದ ಲೇಬಲ್ ಈ ಸೋರಿಕೆಯನ್ನು ಸೇರಿಸಿಯೇ ಅಂಕಿ ಕೊಡುತ್ತದೆ. ಅಲ್ಲಿನ ಎಂಪಿಜಿಇ (ಒಂದು ಗ್ಯಾಲನ್ ಪೆಟ್ರೋಲಿಗೆ ಸಮನಾದ ವಿದ್ಯುತ್ತಿನಲ್ಲಿ ಎಷ್ಟು ಮೈಲಿ) ಎಂಬ ಅಳತೆಯಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ 33.7 ಯೂನಿಟ್ ವಿದ್ಯುತ್ ಸಮ ಎಂದು ಹಿಡಿಯುತ್ತಾರೆ. ಲೂಸಿಡ್ ಏರ್ ಪ್ಯೂರ್ ಎಂಬ ವಿದ್ಯುತ್ ಕಾರಿನ 2025ರ ಮಾದರಿಗೆ ಸಿಕ್ಕಿದ್ದು 146. 33.7ನ್ನು 146ರಿಂದ ಭಾಗಿಸಿ ಕಿ.ಮೀ.ಗೆ ತಂದರೆ 143 ವ್ಯಾಟ್-ಅವರ್. ಅದೇ ಕಾರಿನ ಬ್ಯಾಟರಿ 84 ಯೂನಿಟ್, ರೇಂಜ್ 420 ಮೈಲಿ. ಇದನ್ನು ಭಾಗಿಸಿದರೆ ಬರುವುದು 124. ಯಾವುದು ಸರಿ? ಎರಡೂ. 143 ಗೋಡೆಯ ಲೆಕ್ಕ, 124 ಬ್ಯಾಟರಿಯ ಲೆಕ್ಕ. ನಡುವಿನ ಸುಮಾರು 13% ಚಾರ್ಜ್ ಮಾಡುವಾಗ ಹೋದದ್ದು. ಯುರೋಪಿನ ಲೇಬಲ್‌ನಲ್ಲಿ 100 ಕಿ.ಮೀ.ಗೆ ಇಷ್ಟು ಯೂನಿಟ್ ಎಂದು ಬರೆಯುವುದೂ ಗೋಡೆಯ ಲೆಕ್ಕವೇ. ಭಾರತದ ಕರಪತ್ರದಲ್ಲಿ ಬ್ಯಾಟರಿಯ ಗಾತ್ರ, ರೇಂಜ್ ಎರಡೇ ಇರುವುದರಿಂದ ನಾವು ಭಾಗಿಸಿ ತೆಗೆಯುವುದು ಬ್ಯಾಟರಿಯ ಲೆಕ್ಕ. ಡ್ಯಾಶ್‌ಬೋರ್ಡ್ ತೋರಿಸುವುದೂ ಅದನ್ನೇ.

ಸೋರಿಕೆಯ ಬಗ್ಗೆ ಇನ್ನೊಂದು ಮಾತು. "ನಿಧಾನವಾಗಿ ಚಾರ್ಜ್ ಮಾಡಿದರೆ ಕರೆಂಟ್ ಉಳಿಯುತ್ತೆ" ಎಂಬ ನಂಬಿಕೆ ತಪ್ಪು. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರುಗಳು, ಪಂಪ್ ಎಚ್ಚರವಾಗಿರಬೇಕು. ಅವಕ್ಕೆ 250 ವ್ಯಾಟ್ ಬೇಕು ಎಂದಿಟ್ಟುಕೊಳ್ಳಿ. 2 ಕಿಲೋವ್ಯಾಟ್‌ನಲ್ಲಿ ಚಾರ್ಜ್ ಮಾಡಿದರೆ ಅದೇ 12.5%, ಗೋಡೆಗೆ ಹಾಕುವ 7.2 ಕಿಲೋವ್ಯಾಟ್‌ನ ಚಾರ್ಜಿಂಗ್ ಪೆಟ್ಟಿಗೆಯಲ್ಲಾದರೆ (ವಾಲ್ ಬಾಕ್ಸ್) 3.5%. ಮಾಮೂಲಿ ಗೀಸರ್ ಪಾಯಿಂಟಿಗೆ ಸಿಕ್ಕಿಸಿ ಆಂಪ್ ಇಳಿಸಿ ಇಟ್ಟರೆ ಬ್ಯಾಟರಿಗೆ ಕೆಡುಕಿಲ್ಲ, ಬಿಲ್ಲಿಗೆ ಲಾಭವೂ ಇಲ್ಲ.

ರಸ್ತೆಯಲ್ಲಿ ಎಲ್ಲಿ ಹೋಗುತ್ತದೆ

ಜನರೂ ಸೇರಿ 1,500 ಕೆ.ಜಿ. ತೂಗುವ ಮಧ್ಯಮ ಗಾತ್ರದ ಕಾರನ್ನು ಹಿಡಿಯೋಣ. ಟೈರು ರಸ್ತೆಯ ಮೇಲೆ ಉರುಳುವ ತಡೆಗೆ ಕಿ.ಮೀ.ಗೆ ಸುಮಾರು 41 ವ್ಯಾಟ್-ಅವರ್ ಬೇಕು. ವೇಗ ಎಷ್ಟೇ ಇರಲಿ, ಇದು ಹೆಚ್ಚುಕಡಿಮೆ ಅಷ್ಟೇ. ಗಾಳಿಯ ತಡೆ ಹಾಗಲ್ಲ, ಅದು ವೇಗದ ವರ್ಗದಂತೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಬೆಳೆಯುತ್ತದೆ: 60ರಲ್ಲಿ 32, 100ರಲ್ಲಿ 89, 120ರಲ್ಲಿ 128. ಮೋಟರ್, ಗೇರ್, ಇನ್ವರ್ಟರ್ ನಷ್ಟವೂ ಸೇರಿದರೆ ಬ್ಯಾಟರಿಯಿಂದ ಹೋಗುವುದು 60ರಲ್ಲಿ 83ರಷ್ಟು, 100ರಲ್ಲಿ 147, 120ರಲ್ಲಿ 192. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರಿಂದ 80ಕ್ಕೆ ಇಳಿದವರಿಗೆ ರೇಂಜ್ ಇದ್ದಕ್ಕಿದ್ದಂತೆ ಬೆಳೆದದ್ದು ಏಕೆ ಎಂಬುದಕ್ಕೆ ಇದೇ ಉತ್ತರ. ಎಂಐಡಿಸಿಯಲ್ಲಿ ವೇಗ 90ನ್ನು ದಾಟುವುದೇ ಇಲ್ಲ ಎಂಬುದನ್ನೂ ನೆನಪಿಡಿ.

(ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿಗಿಂತ ಸುಮಾರು 8% ತೆಳು. ಅಷ್ಟರ ಮಟ್ಟಿಗೆ ಗಾಳಿಯ ತಡೆಯೂ ಕಡಿಮೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಇದರಿಂದ ಸಮಾಧಾನವೇನೂ ಸಿಗಲಾರದು.)

ಏಸಿಯ ಲೆಕ್ಕ ಇದಕ್ಕೆ ತಿರುವುಮುರುವು. ಅದು ತಿನ್ನುವುದು ಕಿ.ಮೀ.ಗೆ ಅಲ್ಲ, ಗಂಟೆಗೆ. ಕಂಪ್ರೆಸರ್ ಸರಾಸರಿ 1 ಕಿಲೋವ್ಯಾಟ್ ಎಳೆಯುತ್ತಿದ್ದರೆ, ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗ ಕಿ.ಮೀ.ಗೆ ಬರೀ 12.5 ವ್ಯಾಟ್-ಅವರ್. ಸಿಲ್ಕ್ ಬೋರ್ಡ್ ಕಡೆ 20ರ ಸರಾಸರಿಯಲ್ಲಿ ತೆವಳುವಾಗ 50. ಪರೀಕ್ಷೆಯಲ್ಲಿ ಏಸಿ ಹಾಕುವುದಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಿದ್ದರೆ ಮೊದಲ ಹದಿನೈದು ನಿಮಿಷ ಕಂಪ್ರೆಸರ್ ಪೂರ್ತಿ ಬಲದಲ್ಲಿ ಓಡುತ್ತದೆ, 4 ಕಿ.ಮೀ. ದೂರದ ಕಚೇರಿಗೆ ಹೋಗಿಬರುವವರಿಗೆ ಆ ಹದಿನೈದು ನಿಮಿಷವೇ ಇಡೀ ಪ್ರಯಾಣ. ಹೊರಡುವ ಮುಂಚೆ, ಚಾರ್ಜರ್ ಸಿಕ್ಕಿಸಿರುವಾಗಲೇ ಆ್ಯಪ್‌ನಿಂದ ಕಾರು ತಂಪು ಮಾಡಿಕೊಂಡರೆ ರೇಂಜ್ ಉಳಿಯುತ್ತದೆ, ಬಿಲ್ ಉಳಿಯುವುದಿಲ್ಲ.

ಟೈರು ಬದಲಿಸಿದ ಮೇಲೆ ರೇಂಜ್ ಬಿತ್ತು ಎಂಬ ದೂರು ಸಾಮಾನ್ಯ. ಕಂಪನಿಯಿಂದ ಬರುವ ಟೈರು ಉರುಳುವ ತಡೆ ಕಡಿಮೆ ಇರುವ ಜಾತಿಯದು. ಅಂಗಡಿಯಲ್ಲಿ ಸಿಕ್ಕ ಬೇರೆ ಟೈರಿನ ತಡೆಯ ಗುಣಾಂಕ 0.008ರಿಂದ 0.011ಕ್ಕೆ ಏರಿದರೆ ನಮ್ಮ 1,500 ಕೆ.ಜಿ. ಕಾರಿಗೆ ಕಿ.ಮೀ.ಗೆ 12 ವ್ಯಾಟ್-ಅವರ್ ಹೆಚ್ಚು ಬೇಕು. ಗಾಳಿ ಕಡಿಮೆಯಿದ್ದರೂ ಇದೇ ಪಾಡು. ಡ್ರೈವರ್ ಬದಿಯ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿನ ಒತ್ತಡವನ್ನು ಟೈರು ತಣ್ಣಗಿರುವಾಗ ಹಿಡಿಸಿ. ಐವತ್ತು ಕಿ.ಮೀ. ಓಡಿಸಿ ಬಂದು ಬಂಕಿನಲ್ಲಿ ಹಿಡಿಸಿದರೆ ಬಿಸಿ ಟೈರಿನ ಒತ್ತಡ ಹೆಚ್ಚು ತೋರಿಸಿ ನೀವು ಕಡಿಮೆ ತುಂಬಿಸಿರುತ್ತೀರಿ.

ಇನ್ನು ಘಾಟಿ. ಶಿರಾಡಿಯ ಬುಡದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರು. ನಾಲ್ಕು ಜನ, ಲಗೇಜು ಸೇರಿ 1,700 ಕೆ.ಜಿ. ಇರುವ ಕಾರನ್ನು ಅಷ್ಟು ಎತ್ತರ ಎತ್ತಲು 3.7 ಯೂನಿಟ್ ಬೇಕು, ಮೋಟರಿನ ನಷ್ಟ ಸೇರಿದರೆ 4.2. ಸಮತಟ್ಟಿನಲ್ಲಿ ಇದು 30 ಕಿ.ಮೀ.ಗೂ ಮಿಕ್ಕಿದ ಓಟ. ಆದ್ದರಿಂದ ಮಂಗಳೂರಿನಿಂದ ಹೊರಡುವವರು ಪರದೆಯ ಮೇಲಿನ ರೇಂಜಿನಲ್ಲಿ 30–35 ಕಿ.ಮೀ.ಯನ್ನು ಘಾಟಿಯ ಪಾಲು ಎಂದು ಮೊದಲೇ ಕಳೆದುಬಿಡಿ. ಇಳಿಯುವಾಗ ಒಂದಷ್ಟು ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ. ಬ್ಯಾಟರಿ ತುಂಬಿದ್ದರೆ ಅದೂ ಬರುವುದಿಲ್ಲ, ಏಕೆಂದರೆ ತುಂಬಿದ ಕೊಡಕ್ಕೆ ನೀರು ಹಿಡಿಯದು. ಆಗ ಇಳಿಜಾರಿನ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಕೆಳಕ್ಕೆ ಹೋಗುವವರು ಸಕಲೇಶಪುರದಲ್ಲಿ ಚಾರ್ಜಿಗೆ ನಿಂತರೆ 85%ಕ್ಕೆ ನಿಲ್ಲಿಸಿ ಹೊರಡಿ.

ನಿಮ್ಮ ಕಾರಿನದು ನೀವೇ ಅಳೆಯುವುದು

ಮನೆಯ ಚಾರ್ಜಿಂಗ್ ಲೈನಿಗೆ ಪ್ರತ್ಯೇಕ ಸಬ್ ಮೀಟರ್ ಹಾಕಿಸಿಕೊಳ್ಳಿ. ಕೆಲವು ವಾಲ್ ಬಾಕ್ಸ್‌ಗಳ ಆ್ಯಪ್‌ನಲ್ಲೇ ಯೂನಿಟ್ ಬರುತ್ತದೆ, ಅದೂ ಆದೀತು. ಮೊದಲ ದಿನ ಚಾರ್ಜ್ ತಾನಾಗಿ ನಿಲ್ಲುವ ತನಕ 100 ತುಂಬಿಸಿ, ಮೀಟರಿನ ಅಂಕಿ ಮತ್ತು ಓಡೋಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಆಮೇಲೆ ಮಾಮೂಲಿನಂತೆ ಓಡಿಸಿ, ಚಾರ್ಜ್ ಮಾತ್ರ ಅದೊಂದೇ ಪಾಯಿಂಟಿನಲ್ಲಿ ಮಾಡಿ. 500 ಕಿ.ಮೀ. ದಾಟಿದ ಮೇಲೆ ಮತ್ತೆ 100 ತುಂಬಿಸಿ ಎರಡೂ ಅಂಕಿ ಬರೆದುಕೊಳ್ಳಿ.

ಉದಾಹರಣೆಗೆ 612 ಕಿ.ಮೀ. ಓಡಿ 98.4 ಯೂನಿಟ್ ಹೋಗಿದ್ದರೆ ಕಿ.ಮೀ.ಗೆ 161 ವ್ಯಾಟ್-ಅವರ್. ಯೂನಿಟ್‌ಗೆ 7 ರೂ. ಎಂದು ಹಿಡಿದರೆ ಕಿ.ಮೀ.ಗೆ 1 ರೂ. 13 ಪೈಸೆ. ಅದೇ ಓಟಕ್ಕೆ ಡ್ಯಾಶ್‌ಬೋರ್ಡ್ 139 ತೋರಿಸುತ್ತಿದ್ದರೆ ಗಾಬರಿ ಬೇಡ, 161ರಲ್ಲಿ 139 ಅಂದರೆ 86%, ಅದು ಸಹಜ. 75%ಕ್ಕೆ ಇಳಿದಿದ್ದರೆ ಹುಡುಕಬೇಕು: ಬಹಳ ಕಡಿಮೆ ಆಂಪ್‌ನಲ್ಲಿ ಚಾರ್ಜ್ ಮಾಡುತ್ತಿದ್ದೀರಾ, ದೂರದಿಂದ ಎಳೆದ ತೆಳು ವೈರು ಬಿಸಿಯಾಗುತ್ತಿದೆಯೇ, ನಿಂತಾಗಲೂ ಕಾರು ನಿದ್ದೆ ಮಾಡದೆ ಎಚ್ಚರವಾಗಿದೆಯೇ. ನಿಂತ ಕಾರು ಸತತವಾಗಿ 10 ವ್ಯಾಟ್ ಎಳೆದರೂ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಡ್ಯಾಶ್ ಕ್ಯಾಮೆರಾ, ಅರ್ಧ ಗಂಟೆಗೊಮ್ಮೆ ಕಾರಿನ ಸ್ಥಿತಿ ಕೇಳುವ ಆ್ಯಪ್ ಇವು ಮಾಮೂಲಿ ಕಳ್ಳರು. ವೈರು ಅಥವಾ ಪ್ಲಗ್ ಮುಟ್ಟಿದಾಗ ಸುಡುತ್ತಿದ್ದರೆ ಅದು ಮೈಲೇಜಿನ ವಿಷಯವಲ್ಲ, ಅಂದೇ ಎಲೆಕ್ಟ್ರಿಷಿಯನ್ ಕರೆಸುವ ವಿಷಯ.

ಅಳೆಯುವಾಗ ಆಗುವ ಎರಡು ತಪ್ಪು. ಒಂದು, ಶೇಕಡಾವಾರು ನೋಡಿ ಲೆಕ್ಕ ಹಾಕುವುದು. 80ರಿಂದ 60ಕ್ಕೆ ಇಳಿಯಿತು ಎಂಬುದು ಅಂದಾಜು, ಮೀಟರ್ ಹೇಳುವುದು ಅಳತೆ. ಎರಡು, ಒಂದೇ ದಿಕ್ಕಿನ ಪ್ರಯಾಣದಿಂದ ತೀರ್ಪು ಕೊಡುವುದು. ಬೆಂಗಳೂರಿನಿಂದ ಮಂಗಳೂರಿಗೆ ಇಳಿದವರ ಸ್ಕ್ರೀನ್‌ಶಾಟ್ ನೋಡಿ ಕಾರು ಕೊಳ್ಳಬೇಡಿ, ಹತ್ತಿ ಬಂದದ್ದನ್ನೂ ಕೇಳಿ ನೋಡಿ.

ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇವೆ.

ಫ್ರಿಜ್ಜು, ಏಸಿಗೆ ಇರುವಂತೆ ಕಾರಿಗೂ ನಕ್ಷತ್ರ ಕೊಟ್ಟರೆ ಇಷ್ಟೆಲ್ಲ ಲೆಕ್ಕ ಹಾಕುವ ಕಷ್ಟ ತಪ್ಪುತ್ತದಲ್ಲ ಎಂದೊಬ್ಬರು ಕೇಳಿದರು. ದರ್ಜೆ ಯಾವುದರ ಮೇಲೆ ನಿಂತಿದೆ ಎಂಬುದು ಮುಖ್ಯ. ಜರ್ಮನಿಯಲ್ಲಿ 2024ರಿಂದ ಕಾರುಗಳಿಗೆ ಎ ಯಿಂದ ಜಿ ತನಕ ದರ್ಜೆ ಇದೆ, ಆದರೆ ಅದು ಹೊಗೆಕೊಳವೆಯ ಇಂಗಾಲದ ಮೇಲೆ ನಿಂತದ್ದು. ಕೊಳವೆಯೇ ಇಲ್ಲದ ವಿದ್ಯುತ್ ಕಾರುಗಳಿಗೆಲ್ಲ ಎ. ಕಿ.ಮೀ.ಗೆ 140 ತಿನ್ನುವುದಕ್ಕೂ ಎ, 250 ತಿನ್ನುವುದಕ್ಕೂ ಎ. ಅದೇ ಲೇಬಲ್‌ನಲ್ಲಿ ಕೆಳಗೆ 100 ಕಿ.ಮೀ.ಗೆ ಎಷ್ಟು ಯೂನಿಟ್ ಎಂದು ಬರೆದಿರುತ್ತಾರೆ. ಓದಬೇಕಾದದ್ದು ಅದನ್ನು.

ಇನ್ನೊಬ್ಬರ ಪ್ರಶ್ನೆ: ಹಳೆಯ ಕಾರಿನ ರೇಂಜ್ ಇಳಿದಿದೆ, ಮೈಲೇಜ್ ಇಳಿದಿದೆ ಎಂದು ಅರ್ಥವೇ? ಹೆಚ್ಚಾಗಿ ಅಲ್ಲ, ಟ್ಯಾಂಕ್ ಚಿಕ್ಕದಾಗಿದೆ. ಎರಡನ್ನೂ ಬೇರ್ಪಡಿಸಿ ನೋಡಲು ಟ್ರಿಪ್ ಸೊನ್ನೆ ಮಾಡಿ 90ರಿಂದ 40ರ ತನಕ ಓಡಿಸಿ. ಆ ಓಟದಲ್ಲಿ ಕಿ.ಮೀ.ಗೆ 130 ತೋರಿಸಿ 138 ಕಿ.ಮೀ. ಓಡಿದ್ದರೆ 18 ಯೂನಿಟ್ ಹೋಗಿದೆ. ಅರ್ಧ ಬ್ಯಾಟರಿ 18 ಆದರೆ ಪೂರ್ತಿ 36. ಹೊಸದಾಗಿದ್ದಾಗ 40 ಇದ್ದದ್ದು 36 ಆಗಿದೆ, 130 ಮಾತ್ರ ಮೊದಲಿನಂತೆಯೇ ಇದೆ. ಒಂದು ಎಚ್ಚರಿಕೆ: ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗಳಲ್ಲಿ ವೋಲ್ಟೇಜ್ ನಡುವಿನ ಹಂತದಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ, ವಾರಗಟ್ಟಲೆ 100 ತುಂಬಿಸದಿದ್ದರೆ ಕಾರಿನ ಶೇಕಡಾ ಲೆಕ್ಕವೇ ದಾರಿ ತಪ್ಪಿರುತ್ತದೆ. ಹಳೆಯ ಕಾರು ಕೊಳ್ಳುವುದಾದರೆ ಮಾರುವವರಿಗೆ ಹೇಳಿ ಹಿಂದಿನ ರಾತ್ರಿ 100 ತುಂಬಿಸಿ ಇಡಿಸಿ, ಬೆಳಿಗ್ಗೆ ಹೋಗಿ ಈ ಪರೀಕ್ಷೆ ಮಾಡಿ.